ಚೀಲದೊಳಗಿನ ಗಿರಾಕಿ

ಜನವರಿ ೧೪

ಅಪ್ಪನಿಗೆ ನಮಸ್ಕಾರ.

ಈ ಕಾಗದ ಅಮ್ಮನಿಗಲ್ಲ, ನಿಮಗೆ. ಅದಕ್ಕೇ ಮನೆಯ ವಿಳಾಸ ಬಿಟ್ಟು ಅಂಗಡಿಯ ವಿಳಾಸ ಬರೆದಿದ್ದೇನೆ. ಫೋನು ಮಾಡಿದಾಗಲೆಲ್ಲ ನೀವು "ತಡಿ, ಅಮ್ಮನ್ನ ಕರೀತೀನಿ" ಅನ್ನುತ್ತೀರಿ. ನಾನು ನಮ್ಮ ಹೊಲಿಗೆ ಅಂಗಡಿ ಬಿಟ್ಟು ಈ ಮೃಗಾಲಯದ ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ನಿಮ್ಮ ಬಾಯಿಂದ ಕೇಳಿದ್ದು ಅದೊಂದೇ ಮಾತು. ಕಾಗದಕ್ಕೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹೆದರಬೇಡಿ, ಹಳೆಯ ಜಗಳ ತೆಗೆಯುವುದಿಲ್ಲ. ಇದು ವ್ಯಾಪಾರದ ಕಾಗದ. ನಿಮಗೊಬ್ಬ ಗಿರಾಕಿಯನ್ನು ಹುಡುಕಿದ್ದೇನೆ.

ನಾನಿರುವ ವಿಭಾಗದ ಬಾಗಿಲಲ್ಲಿ ಒಂದು ಫಲಕವಿದೆ: 'ಒಂದೇ ಖಂಡದವರು'. ಭೂಮಿಯ ಮೇಲೆ ಒಂದೇ ಒಂದು ಖಂಡದ ಕಾಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಸಿಗದ ಪ್ರಾಣಿಗಳು ಇಲ್ಲಿವೆ. ಜಿರಾಫೆ, ಜೀಬ್ರಾ, ನೀರಾನೆ ಆಫ್ರಿಕಾದವು. ಹುಲಿ ಏಷ್ಯಾದ್ದು. ಎಮು ಹಕ್ಕಿ, ಕಾಂಗರೂ ಆಸ್ಟ್ರೇಲಿಯಾದವು. ಕಾಂಗರೂಗಳ ಅಂಗಳ ನನ್ನ ಪಾಲಿಗೆ ಬಂದಿದೆ.

ಹೋದ ವಾರ ಮೇವಿನ ಲಾರಿಯ ಟೈರು ಢಮಾರೆಂದು ಒಡೆಯಿತು. ಒಂದು ಹೆಣ್ಣು ಕಾಂಗರೂ ಬೆದರಿ ಕಿತ್ತುಕೊಂಡು ಓಡಿತು. ಓಡುವ ಭರದಲ್ಲಿ ಹೊಟ್ಟೆಯ ಚೀಲದಲ್ಲಿದ್ದ ಮರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಒಳಗೆ ಇಟ್ಟೆವು, ತಾಯಿ ಹೊರಗೆ ಹಾಕಿತು. ಇನ್ನೊಮ್ಮೆ ಇಟ್ಟೆವು, ಇನ್ನೊಮ್ಮೆ ಹಾಕಿತು. ಆಮೇಲೆ 'ಇದು ಯಾರ ಮನೆಯದೋ' ಎನ್ನುವ ಹಾಗೆ ಮೇಯಲು ಹೋಯಿತು.

ಮರಿಗೆ ಈಗಷ್ಟೇ ರೋಮ ಬರುತ್ತಿದೆ. ಚೀಲದ ಬಿಸುಪಿಲ್ಲದೆ ಅದು ಬದುಕುವುದಿಲ್ಲ. ಸದ್ಯಕ್ಕೆ ದಿಂಬಿನ ಚೀಲದಲ್ಲಿ ಹಾಕಿ ನನ್ನ ಎದೆಗೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಆ ಚೀಲದ ಬಾಯಿ ಸಡಿಲ, ಮರಿರಾಯ ಎರಡು ಸಲ ಜಾರಿದ್ದಾನೆ. ಇಲ್ಲಿ ಮಿಷನ್ನಿಲ್ಲ, ಇದ್ದರೂ ನನ್ನ ಕೈ ಖಾಲಿಯಿಲ್ಲ. ಒಂದು ಡಜನ್ ಚೀಲ ಹೊಲಿದು ಕಳಿಸಿ. ಅಷ್ಟೊಂದು ಯಾಕೆಂದರೆ ಅವನು ಗಲೀಜು ಮಾಡುವುದರಲ್ಲಿ ಬಹಳ ಧಾರಾಳಿ. ಮೊಳ ಉದ್ದ, ಗೇಣಗಲ ಇದ್ದರೆ ಸಾಕು.

ಮಗಳು

ಜನವರಿ ೨೨

ಮೃಗಾಲಯದ ಕಾಂಗರೂ ವಿಭಾಗದವರಿಗೆ,

ತಮ್ಮ ಆರ್ಡರು ತಲುಪಿತು. 'ಮೊಳ ಉದ್ದ, ಗೇಣಗಲ' ಎಂದು ಬರೆದಿದ್ದೀರಿ. ಇದು ಅಳತೆಯಲ್ಲ, ಸಂತೆಯಲ್ಲಿ ಹಗ್ಗ ಕೊಳ್ಳುವವರ ಲೆಕ್ಕ. ಈ ಅಂಗಡಿಯಲ್ಲಿ ಗಿರಾಕಿಯ ಮೈ ಅಳೆಯದೆ ಕತ್ತರಿ ಎತ್ತುವ ಪದ್ಧತಿ ಇಲ್ಲ. ಅದು ಇಲ್ಲಿ ಕೆಲಸ ಕಲಿತವರಿಗೆ ಗೊತ್ತಿರಬೇಕು.

ತಲೆಯ ಸುತ್ತಳತೆ, ಭುಜ, ಸೊಂಟ, ಹಿಂಗಾಲಿನ ಉದ್ದ, ಬಾಲದ ಉದ್ದ ಬರೆದು ಕಳಿಸುವುದು. ಬಾಲದ ಅಳತೆ ಕೇಳುತ್ತಿರುವುದು ನನಗೂ ಇದೇ ಮೊದಲು. ಬಾಲವಿದ್ದೂ ಮುಚ್ಚಿಟ್ಟುಕೊಂಡು ಬಂದ ಗಿರಾಕಿಗಳು ಇದ್ದಾರೆ, ಅವರ ಮಾತು ಬೇರೆ.

ಇತಿ,
ಟೈಲರ್

(ಇದು ಅಮ್ಮ ಬರೆದದ್ದು, ಅಂಚಿನಲ್ಲಿ: ಪುಟ್ಟೀ, ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾರೆ. ಕೇಳಿದರೆ "ಆರ್ಡರು, ಆರ್ಡರು" ಅನ್ನುತ್ತಾರೆ. ಎದೆಗೆ ಕಟ್ಟಿಕೊಂಡಿದ್ದೀಯಂತಲ್ಲ, ಪರಚುತ್ತದಾ? ದಪ್ಪ ಬಟ್ಟೆ ಹಾಕಿಕೋ.)

ಜನವರಿ ೩೦

ಅಪ್ಪಾ,

ಅಳತೆ ತೆಗೆದ ಕಥೆ ಕೇಳಿ. ಟೇಪನ್ನು ಹತ್ತಿರ ತಂದರೆ ಸಾಕು, ಎರಡೂ ಮುಂಗೈಯಲ್ಲಿ ಅದನ್ನು ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಸೊಂಟ ಅಳೆಯುವುದರೊಳಗೆ ಟೇಪಿನ ತುದಿ ಒದ್ದೆ. ಇಲ್ಲಿನ ಡಾಕ್ಟರಮ್ಮ ಬಾಲವನ್ನು ಹಿಡಿದು ನೇರ ಮಾಡಿದರು. ಅವರಿಗೆ ನಗು ತಡೆಯಲಿಲ್ಲ. "ನಿಮ್ಮಪ್ಪ ಇವನಿಗೆ ಸೂಟು ಹೊಲೀತಾರೇನ್ರೀ?" ಅಂದರು. "ನಮ್ಮಪ್ಪನ್ನ ನೀವು ನೋಡಿಲ್ಲ, ಬೇಕಿದ್ರೆ ಟೈನೂ ಕೊಡ್ತಾರೆ" ಅಂದೆ.

ಅಳತೆಗಳು ಬೇರೆ ಚೀಟಿಯಲ್ಲಿವೆ. ಎಲ್ಲರೂ ಇವನನ್ನು ಈಗ 'ಗಿರಾಕಿ' ಎಂದೇ ಕರೆಯುತ್ತಾರೆ. ನೀವಿಟ್ಟ ಹೆಸರು.

ಬೇಗ ಕಳಿಸಿ. ದಿಂಬಿನ ಚೀಲದಲ್ಲಿ ಅವನ ಕಿವಿ ತಣ್ಣಗಿರುತ್ತದೆ.

ಮಗಳು

ಫೆಬ್ರವರಿ ೧೦

ಕಾಂಗರೂ ವಿಭಾಗದವರಿಗೆ,

ಪಾರ್ಸೆಲ್ಲಿನಲ್ಲಿ ಒಂದು ಡಜನ್ ಚೀಲಗಳಿವೆ. ಬಟ್ಟೆ ಒಳ್ಳೆಯದು, ಮಕ್ಕಳ ಕೋಟಿಗೆಂದು ತೆಗೆದಿಟ್ಟ ಉಣ್ಣೆಯ ಥಾನಿನಿಂದ ಕತ್ತರಿಸಿದ್ದೇನೆ. ಹೊರಗಡೆ ಒಂದು ಎಳೆ ದಾರವೂ ಕಾಣುವುದಿಲ್ಲ. ಹೊಲಿಗೆಯನ್ನೆಲ್ಲ ಒಳಕ್ಕೆ ಮಡಿಸಿ ಎರಡು ಸಾಲು ಹಾಕಿದ್ದೇನೆ. ನಮ್ಮ ಅಂಗಡಿಯ ದಾರ ಹೇಗಿರುತ್ತದೆಂದು ತಮಗೆ ಗೊತ್ತು, ಆನೆ ಎಳೆದರೂ ಕಡಿಯುವುದಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದೇನೆ. ನಿನ್ನ ಚಿಕ್ಕಪ್ಪ ಇಸ್ತ್ರಿ ಮಾಡುವಾಗ "ಅಣ್ಣಾ, ಇದರ ಮಡಿಕೆ ಎಲ್ಲಿ ಬರ್ಬೇಕು? ಮುಂದೆ ಯಾವುದು, ಹಿಂದೆ ಯಾವುದು?" ಅಂತ ಪ್ರಾಣ ತಿಂದ.

ಆ ಫಲಕದ ಮಾತು ತಲೆಯಲ್ಲಿ ಕೂತಿದೆ. ಒಂದೇ ಖಂಡದವರು. ಜಿರಾಫೆಗೂ ತನ್ನ ಜಾಗ ಯಾವುದೆಂದು ಗೊತ್ತಿದೆ. ಎಷ್ಟು ಉದ್ದ ಕತ್ತಿದ್ದರೂ ಅದು ಬೇಲಿಯಾಚೆ ನೋಡಿ ಬೇರೆಯವರ ಊರಿಗೆ ಹೋಗಲಿಲ್ಲ. ಮನುಷ್ಯರಲ್ಲಿ ಕೆಲವರಿಗೆ ಅಷ್ಟು ತಿಳಿಯುವುದಿಲ್ಲ. ಇಷ್ಟೇ. ಹೆಚ್ಚು ಬರೆಯುವುದಿಲ್ಲ.

ಇತಿ,
ಟೈಲರ್

ಮಾರ್ಚ್ ೬

ಪುಟ್ಟೀ,

ಪಾರ್ಸೆಲ್ ತಲುಪಿತಾ ಇಲ್ಲವಾ, ಒಂದು ಗೆರೆ ಬರೆಯಬಾರದೇ? ಫೋನು ಮಾಡಿದರೆ "ಆಮೇಲೆ ಮಾತಾಡ್ತೀನಮ್ಮಾ" ಎಂದು ಇಟ್ಟುಬಿಡುತ್ತೀಯ. ನಿನ್ನ ದನಿ ನನಗೆ ಗೊತ್ತಿಲ್ಲವೇ? ಮೂಗಿನಲ್ಲಿ ಮಾತಾಡಿದರೆ ನೀನು ಅತ್ತಿದ್ದೀಯ ಎಂದರ್ಥ.

ನಿಮ್ಮಪ್ಪ ಕೇಳುವುದಿಲ್ಲ. ಆದರೆ ಅಂಚೆಯವನ ಸೈಕಲ್ಲು ಬೀದಿಯ ತಿರುವಿಗೆ ಬಂದ ಕೂಡಲೇ ಕತ್ತರಿ ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾರೆ. ಅವನು ಪಕ್ಕದ ಅಂಗಡಿಗೆ ಹೋದರೆ ಮತ್ತೆ ಕತ್ತರಿ ಎತ್ತಿಕೊಳ್ಳುತ್ತಾರೆ. ನಿನ್ನೆ ಒಬ್ಬರ ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು. ನಿಮ್ಮಪ್ಪನ ಕೈಯಲ್ಲಿ! ಚಿಕ್ಕಪ್ಪ ಬಾಯಿ ಬಿಡದೆ ಸರಿಮಾಡಿಕೊಟ್ಟ.

ಆ ಮರಿಗೆ ಏನಾದರೂ ಆಯಿತಾ? ಹೇಳು. ಕೇಳುವುದಕ್ಕೆ ನಾನಿದ್ದೇನೆ.

ಅಮ್ಮ

ಮಾರ್ಚ್ ೧೫

ಅಮ್ಮಾ, ಅಪ್ಪಾ,

ಹೇಗೆ ಬರೆಯಲಿ ಎಂದು ತಿಳಿಯದೆ ತಡಮಾಡಿದೆ. ಅಪ್ಪಾ, ಚೀಲಗಳು ಎಷ್ಟು ಚೆನ್ನಾಗಿದ್ದವೆಂದರೆ ಇಲ್ಲಿನವರೆಲ್ಲ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಗಂಜಿಯನ್ನು ನಾನು ತೊಳೆದು ತೆಗೆದೆ, ಅದು ದೊಡ್ಡ ವಿಷಯವಲ್ಲ.

ಕಾಂಗರೂವಿನ ಹಿಂಗಾಲಿನಲ್ಲಿ ಒಂದು ಉದ್ದ ಉಗುರಿರುತ್ತದೆ. ಅವನು ಚೀಲದೊಳಗೆ ಸುಮ್ಮನಿರುವವನಲ್ಲ. ಒದೆಯುತ್ತಾನೆ, ಹೊರಳುತ್ತಾನೆ, ಮೂಲೆ ಮೂಲೆ ಕೆರೆಯುತ್ತಾನೆ. ಕೆರೆದು ಕೆರೆದು ಒಳಗಿನ ಹೊಲಿಗೆಯ ದಾರವನ್ನು ಎಳೆದಿದ್ದಾನೆ. ಅದು ಉರುಳಿನ ಹಾಗೆ ಬೆರಳಿಗೆ ಸುತ್ತಿಕೊಂಡಿತು. ಬೇರೆ ದಾರವಾಗಿದ್ದರೆ ಪಟ್ಟೆಂದು ಕಡಿದುಹೋಗುತ್ತಿತ್ತು. ನಿಮ್ಮದು ಕಡಿಯಲಿಲ್ಲ. ನಾನು ಮೇವು ಹಾಕಿ ಬಂದು ನೋಡುವಷ್ಟರಲ್ಲಿ ಬೆರಳು ಕಪ್ಪಾಗಿ ಊದಿತ್ತು.

ಈಗ ಗಾಯ ಕೀವಾಗಿದೆ. ಹಾಲು ಕುಡಿಯುತ್ತಿಲ್ಲ. ಡಾಕ್ಟರಮ್ಮ ಬಾಯಿಗೆ ನಳಿಗೆ ಇಟ್ಟು ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಾರೆ. "ಬೆರಳು ಹೋದ್ರೆ ಹೋಗ್ಲಿ, ಜೀವ ಉಳಿದ್ರೆ ಸಾಕು" ಅಂದರು. ಮತ್ತೆ ದಿಂಬಿನ ಚೀಲಕ್ಕೇ ಬಂದಿದ್ದೇವೆ.

ಒಳಗೆ ಹೊಲಿಗೆ ಬರಬಾರದು ಎಂದು ನಾನೇ ಮೊದಲು ಹೇಳಬೇಕಿತ್ತು. ನಮ್ಮ ಅಂಗಡಿಯಲ್ಲಿ ಹೊಲಿಗೆ ಒಳಗೇ ಇರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಪ್ಪಾ, ಇನ್ನೊಂದು ಆರ್ಡರು ಕೊಡುತ್ತೇನೆ, ಬೈಯಬೇಡಿ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ, ಒಳಮೈ ಪೂರಾ ನುಣುಪಾಗಿ, ಹೊಲಿಗೆಯೆಲ್ಲ ಹೊರಕ್ಕೆ ಕಾಣುವ ಹಾಗೆ, ಅಂದರೆ ಬಟ್ಟೆಯನ್ನು ಮಗುಚಿ ಹಾಕಿದ ಹಾಗೆ ಹೊಲಿದುಕೊಡುತ್ತೀರಾ?

ನಿಮ್ಮ ಕೈಲಿ ಇಂಥ ಕೆಲಸ ಕೇಳುತ್ತಿರುವುದಕ್ಕೆ ನನಗೇ ನಾಚಿಕೆಯಾಗುತ್ತಿದೆ. ಆದರೆ ಗಿರಾಕಿ ತುಂಬಾ ಸೋತಿದ್ದಾನೆ.

ಮಗಳು

ಮಾರ್ಚ್ ೨೩

ಪುಟ್ಟೀ,

ನಿನ್ನ ಕಾಗದ ಓದಿದ ಕೂಡಲೇ ನಿಮ್ಮಪ್ಪ ಕಪಾಟು ತೆರೆದರು. ಮಾದರಿಗೆಂದು ಒಂದು ಚೀಲ ಅಂಗಡಿಯಲ್ಲೇ ಇಟ್ಟುಕೊಂಡಿದ್ದರು. ಅದನ್ನು ತೆಗೆದು, ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ, ಬೆಂಚಿನ ಮೇಲೆ ಕೂತರು. ಒಳಗೇ ಬೆರಳು ಆಡಿಸುತ್ತಾರೆ, ಕೆರೆಯುತ್ತಾರೆ, ಮುಷ್ಟಿ ಕಟ್ಟುತ್ತಾರೆ, ತಿರುವುತ್ತಾರೆ. ಗಿರಾಕಿಗಳು ಬಂದರು. ಎಡಗೈಯಲ್ಲೇ ರಸೀದಿ ಕೊಟ್ಟರು.

ಮೂಲೆಮನೆಯ ಮೇಷ್ಟ್ರು ಬಂದು "ಏನ್ರೀ, ಕೈಗೆ ಏಟಾಯ್ತಾ?" ಎಂದು ಕೇಳಿದರು.

"ಇಲ್ಲ, ಟ್ರಯಲ್ ನೋಡ್ತಿದೀನಿ" ಅಂದರು ನಿಮ್ಮಪ್ಪ.

"ಯಾರ ಬಟ್ಟೇದು?"

"ಮಾತು ಬಾರದವರದ್ದು."

ಮೇಷ್ಟ್ರು ನನ್ನ ಮುಖ ನೋಡಿದರು. ನಾನೇನು ಹೇಳಲಿ? "ಒಳಗೆ ಬನ್ನಿ, ಕೂತ್ಕೊಳ್ಳಿ" ಅಂದೆ.

ಊಟದ ಹೊತ್ತಿಗೆ ಕೈ ಹೊರತೆಗೆದರು. ಹೆಬ್ಬೆರಳಿನ ಉಗುರಿನ ಹತ್ತಿರ ಒಂದು ಕೆಂಪು ಗೆರೆ ಎದ್ದಿತ್ತು. ಅದನ್ನೇ ನೋಡಿಕೊಂಡು "ಹೊರಗಡೆ ನೋಡೋರಿಗೆ ಹೊಲಿದ್ಬಿಟ್ಟೆ ಕಣೇ, ಒಳಗಡೆ ಇರೋನಿಗೆ ಹೊಲೀಲಿಲ್ಲ" ಅಂದರು. ಆಮೇಲೆ ನನ್ನ ಹಳೆಯ ಮೆತ್ತನೆ ಹೊದಿಕೆ ಎಲ್ಲಿದೆ ಎಂದು ಕೇಳಿದರು. ನಾನು ಕೊಟ್ಟೆ. ಎರಡು ಹೊದಿಕೆ ಹೋಯಿತು. ಹೋಗಲಿ ಬಿಡು.

ಮರಿ ಇನ್ನೂ ಇದೆಯಾ? ಇದೆ ಎಂದು ಬರೆ.

ಅಮ್ಮ

ಮಾರ್ಚ್ ೨೫

ಮಗಳಿಗೆ,

ಚೀಲ ಕಳಿಸಿದ್ದೇನೆ. ಒಳಮೈಯನ್ನು ಕೆನ್ನೆಗೆ ಉಜ್ಜಿ ನೋಡಿದ್ದೇನೆ, ಎಲ್ಲೂ ಒತ್ತುವುದಿಲ್ಲ. ಹೊಲಿಗೆಯೆಲ್ಲ ಹೊರಗಿದೆ. ಒಂದೊಂದು ಚೀಲವೂ ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಕಾಣುತ್ತದೆ. ಯಾರಾದರೂ ಕೇಳಿದರೆ ಬೇರೆ ಯಾವುದೋ ಅಂಗಡಿಯಲ್ಲಿ ಹೊಲಿಸಿದ್ದು ಎಂದು ಹೇಳು.

ಚೀಲದ ಬಾಯಿಗೆ ದಪ್ಪ ಲಾಡಿ ಹಾಕಿದ್ದೇನೆ, ಎಳೆದರೆ ಸಾಕು, ಗಂಟು ಹಾಕಬೇಡ.

ಅವನು ಹಾಲು ಕುಡಿದನೇ?

ಟೈಲರ್

ಏಪ್ರಿಲ್ ೨೦

ಅಪ್ಪಾ,

ಕುಡಿದ! ಕುಡಿಯುತ್ತಿದ್ದಾನೆ. ಬೆರಳೂ ಉಳಿಯಿತು, ಸ್ವಲ್ಪ ಸೊಟ್ಟಗಿದೆ ಅಷ್ಟೇ. ಮೊದಲೇ ಬರೆಯಬೇಕಿತ್ತು. ಆದರೆ ಬರೆದ ಮಾರನೆಯ ದಿನವೇ ಏನಾದರೂ ಆದರೆ ಎಂದು ಹೆದರಿ, ಅವನು ತೂಕ ಏರುವವರೆಗೆ ಕಾದೆ.

ನಿಮ್ಮ ಹೊಸ ಚೀಲವನ್ನು ನಾನು ಬಿಚ್ಚಿ ಹಿಡಿದೆನಷ್ಟೆ. ಮೂಸಿ ನೋಡಿದ, ತಲೆ ಒಳಕ್ಕೆ ಹಾಕಿದ, ಒಂದು ಲಾಗ ಹೊಡೆದ, ಒಳಗೆ ಹೋಗಿ ತಿರುಗಿ ಮೂತಿ ಹೊರಗಿಟ್ಟ. ಕಾಂಗರೂ ಮರಿ ತಾಯಿಯ ಚೀಲಕ್ಕೆ ಹೋಗುವುದೇ ಹಾಗೆ, ತಲೆ ಮೊದಲು, ಕಾಲು ಆಮೇಲೆ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಚೀಲದ ಹೊರಗೆ ಕಾಣುವ ಹೊಲಿಗೆಯ ಮೇಲೆ ಬೆರಳಾಡಿಸಿ "ಎಷ್ಟು ನೇರವಾಗಿದೆ ನೋಡ್ರೀ" ಅಂದರು. ಬೇರೆ ಅಂಗಡಿಯದ್ದು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. "ನಮ್ಮಪ್ಪಂದು" ಅಂದುಬಿಟ್ಟೆ.

ಈಗ ಎಲ್ಲಿಗೆ ಹೋದರೂ ಅವನು ನನ್ನ ಎದೆಯ ಮೇಲೆ. ಕಚೇರಿಯ ಗುಮಾಸ್ತರಿಗೆ ಲೆಕ್ಕ ಒಪ್ಪಿಸುವಾಗ ಚೀಲದಿಂದ ಒಂದು ಕಾಲು ಹೊರಬಂದು ಅವರ ಮೇಜಿನ ಪೆನ್ನನ್ನು ಒದೆಯಿತು. ಬಸ್ಸಿನಲ್ಲಿ ಒಬ್ಬ ಅಜ್ಜಿ "ಎಷ್ಟು ತಿಂಗಳಮ್ಮಾ ಮಗೂಗೆ?" ಎಂದು ಕೇಳಿ, ಬಗ್ಗಿ ನೋಡಿ, ಮುಂದಿನ ಸ್ಟಾಪಿನಲ್ಲೇ ಇಳಿದರು.

ನೀವು ಫೆಬ್ರವರಿಯಲ್ಲಿ ಬರೆದ ಮಾತಿಗೆ ಉತ್ತರ ಕೊಡಲೋ ಬೇಡವೋ ಎಂದು ಯೋಚಿಸಿದೆ. ಕೊಡುತ್ತೇನೆ. ಗಿರಾಕಿ ಆಸ್ಟ್ರೇಲಿಯಾ ಕಂಡವನಲ್ಲ. ಅವನ ಅಮ್ಮನೂ ಕಂಡಿಲ್ಲ, ಅಜ್ಜಿಯೂ ಕಂಡಿಲ್ಲ. ಎಲ್ಲರೂ ಹುಟ್ಟಿದ್ದು ಇಂಥ ಅಂಗಳಗಳಲ್ಲೇ. ಆದರೂ ಆ ಲಾಗ ಹೊಡೆಯುವುದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ, ಒಳಗಿನಿಂದ ಬಂತು. ಅಪ್ಪಾ, ನಾನು ಬಟ್ಟೆಯ ರಾಶಿಯ ನಡುವೆ ಹುಟ್ಟಿದವಳು. ಆದರೆ ಚಿಕ್ಕವಳಿದ್ದಾಗ ಅಂಗಿಯ ಗುಂಡಿಗೆ ಕಾಜಾ ಹಾಕು ಎಂದು ಕೂರಿಸಿದರೆ ಅಂಗಡಿಯ ಮೆಟ್ಟಿಲ ಕೆಳಗೆ ಬೆಕ್ಕಿನ ಮರಿ ಹುಡುಕುತ್ತಿದ್ದೆ. ನೀವೇ ಬೈದಿದ್ದೀರಿ.

ಅಷ್ಟೇ. ನಾನೂ ಹೆಚ್ಚು ಬರೆಯುವುದಿಲ್ಲ.

ಮಗಳು

ಮೇ ೯

ಮಗಳಿಗೆ,

ತೂಕ ಏರಿದ್ದು ಸಂತೋಷ. ಬಸ್ಸಿನ ಅಜ್ಜಿಯ ವಿಷಯ ಓದಿ ನಿನ್ನ ಅಮ್ಮ ನಕ್ಕೂ ನಕ್ಕೂ ಕೆಮ್ಮಿದಳು.

ನಿನ್ನ ಕೊನೆಯ ಮಾತಿಗೆ ಉತ್ತರ ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿಯವರೆಗೆ ನಿನ್ನ ಚಿಕ್ಕಪ್ಪ ಇಸ್ತ್ರಿ ಪೆಟ್ಟಿಗೆ ಉಜ್ಜುತ್ತಾ ಕಟ್ಟಿದ ಕಥೆಯನ್ನು ಬರೆಯುತ್ತೇನೆ. "ಮಗೂಗೆ ಕಳಿಸು, ಕಳಿಸು" ಎಂದು ಗಂಟುಬಿದ್ದಿದ್ದಾನೆ. ಮಗು ಎಂದರೆ ನೀನೋ ಆ ಮರಿಯೋ, ಕೇಳಲಿಲ್ಲ.

ಬಹಳ ಹಿಂದೆ ಪ್ರಾಣಿಗಳಿಗೆಲ್ಲ ಮೈಮೇಲೆ ಬಟ್ಟೆಯಿರಲಿಲ್ಲವಂತೆ. ಒಬ್ಬ ಮುದುಕ ದರ್ಜಿ ಎಲ್ಲರಿಗೂ ಹೊಲಿದುಕೊಡುತ್ತೇನೆಂದು ಕೂತ. ಜಿರಾಫೆ ಬಂತು. ಅವನ ಟೇಪು ಅದರ ಕತ್ತಿನವರೆಗೆ ಎಟುಕಲಿಲ್ಲ. "ಇಷ್ಟುದ್ದದ ಥಾನು ಎಲ್ಲಿಂದ ತರ್ಲಯ್ಯಾ?" ಎಂದು ತುಂಡುಗಳನ್ನೇ ಜೋಡಿಸಿ ಕೊಟ್ಟ. ಅದಕ್ಕೇ ಅದರ ಮೈಯೆಲ್ಲ ತೇಪೆ. ಜೀಬ್ರಾ ಪಟ್ಟೆ ಬಟ್ಟೆ ಆರಿಸಿಕೊಂಡಿತು. ಹುಲಿ ಅದನ್ನು ನೋಡಿ "ನಂಗೂ ಪಟ್ಟೆನೇ ಬೇಕು, ಆದ್ರೆ ಅದರ ಬಣ್ಣ ಬೇಡ" ಎಂದು ಹಟ ಹಿಡಿಯಿತು. ನೀರಾನೆ ತೊಟ್ಟ ಕೂಡಲೇ ನೀರಿಗಿಳಿಯಿತು. ಬಟ್ಟೆ ಕುಗ್ಗಿ ಮೈಗೆ ಅಂಟಿಕೊಂಡಿತು, ಇನ್ನೂ ಬಿಚ್ಚಲು ಬಂದಿಲ್ಲ. ಕೊನೆಗೆ ಕಾಂಗರೂ ಬರುವಷ್ಟರಲ್ಲಿ ಅಂಗೈಯಗಲದ ತುಂಡೊಂದೇ ಉಳಿದಿತ್ತು. "ಇದ್ರಲ್ಲಿ ಜೇಬು ಬಿಟ್ರೆ ಏನೂ ಆಗಲ್ಲ ತಾಯಿ" ಅಂದ ದರ್ಜಿ. "ಜೇಬೇ ಹಾಕಪ್ಪಾ, ಇಟ್ಕೊಳ್ಳೋಕೆ ನಂಗೆ ಒಂದೇ ವಸ್ತು ಇರೋದು" ಅಂದಿತಂತೆ.

ಒಂದೊಂದನ್ನು ಒಂದೊಂದು ಖಂಡಕ್ಕೆ ಕಳಿಸಿದ್ದು ಯಾಕೆ? ಒಂದೇ ಬೀದಿಯಲ್ಲಿ ಇಬ್ಬರು ಒಂದೇ ಥರ ಬಟ್ಟೆ ತೊಟ್ಟರೆ ಬೈಸಿಕೊಳ್ಳುವುದು ದರ್ಜಿ ಎಂದು ಆ ಮುದುಕನಿಗೆ ಗೊತ್ತಿತ್ತು.

ಕಥೆ ಇಷ್ಟು. ಇದರಲ್ಲಿ ಒಂದು ದೊಡ್ಡ ತಪ್ಪಿದೆ. ಯಾವ ದರ್ಜಿಯೂ ಜೇಬಿನ ಬಟ್ಟೆಯನ್ನು ಕೊನೆಗೆ ಉಳಿಸುವುದಿಲ್ಲ, ಮೊದಲೇ ಕತ್ತರಿಸಿ ಇಡುತ್ತಾನೆ. ಹೇಳಿದರೆ ಚಿಕ್ಕಪ್ಪ ಒಪ್ಪುವುದಿಲ್ಲ.

ಅಪ್ಪ (ಟೈಲರ್)

ಜುಲೈ ೩

ಅಪ್ಪಾ,

ಕಥೆಯನ್ನು ಗಿರಾಕಿಗೆ ಓದಿ ಹೇಳಿದೆ. ಜಿರಾಫೆಯ ಭಾಗ ಬಂದಾಗ ಕಾಗದದ ಮೂಲೆಯನ್ನು ತಿಂದ. ಜಿರಾಫೆ ನೋಡಿಕೊಳ್ಳುವಾತನಿಗೂ ಹೇಳಿದೆ. "ತೇಪೆ ಅಂತ ಅನ್ಬೇಡಿ, ನಮ್ಮವಳು ಬೇಜಾರ್ ಮಾಡ್ಕೋತಾಳೆ" ಅಂದ.

ಈಗ ಗಿರಾಕಿಗೆ ಮೈತುಂಬ ಕೂದಲು ಬಂದಿದೆ. ಹಗಲು ಹೊತ್ತು ಚೀಲವನ್ನು ಅಂಗಳದ ಕಂಬದ ಗೂಟಕ್ಕೆ ನೇತುಹಾಕುತ್ತೇನೆ. ಇಳಿದು ನಾಲ್ಕು ಹೆಜ್ಜೆ ಕುಪ್ಪಳಿಸುತ್ತಾನೆ, ಒಂದು ಕಾಗೆ ಕೂಗಿದರೆ ಸಾಕು, ಓಡಿಬಂದು ಲಾಗ ಹೊಡೆದು ಒಳಗೆ. ಬೇಲಿಯಾಚೆ ಉಳಿದ ಕಾಂಗರೂಗಳು ಮೇಯುತ್ತಿರುತ್ತವೆ. ಬೇಲಿಯ ಬಾಗಿಲು ತೆರೆದೇ ಇರುತ್ತದೆ. ಇವನು ಅತ್ತ ನೋಡುವುದೂ ಇಲ್ಲ.

ನಮ್ಮ ಮೇಲ್ವಿಚಾರಕರು ದಿನಾ ಒಂದೇ ರಾಗ. "ಚೀಲ ತೆಗೀರಿ. ಇವನು ಈಗ ಮಂದೆಗೆ ಸೇರ್ಲಿಲ್ಲ ಅಂದ್ರೆ ಆಮೇಲೆ ಅವೇ ಸೇರಿಸ್ಕೊಳ್ಳಲ್ಲ. ಒಂಟಿ ಗೂಡಿಗೆ ಕಳಿಸ್ಬೇಕಾಗುತ್ತೆ, ಜೀವನಪೂರ್ತಿ ಒಬ್ಬನೇ." ಡಾಕ್ಟರಮ್ಮನೂ ಅದನ್ನೇ ಹೇಳುತ್ತಾರೆ, ಸ್ವಲ್ಪ ಮೆತ್ತಗೆ. ಅವರಿಗೇನು ಗೊತ್ತು? ಅವನು ಸತ್ತು ಬದುಕಿದವನು. ಇನ್ನೊಂದು ತಿಂಗಳಾದರೂ ಇರಲಿ.

ಆದರೆ ಚೀಲ ಸಣ್ಣದಾಗಿದೆ, ನಿನ್ನೆ ಒಂದು ಪಕ್ಕ ಹರಿಯಿತು. ದೊಡ್ಡ ಚೀಲ ನಾಲ್ಕು ಹೊಲಿದು ಕಳಿಸಿ. ಈ ಸಲ ನೀವು ಕೇಳುವ ಮೊದಲೇ ಸರಿಯಾದ ಅಳತೆ ಬರೆದಿದ್ದೇನೆ. ಹಿಂಗಾಲು, ಬಾಲ, ಎಲ್ಲ ಇದೆ.

ಮಗಳು

ಜುಲೈ ೧೬

ಮಗಳೇ,

ಅಳತೆ ನೋಡಿದೆ. ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನೀನು ಬರೆದ ಕಾಲು, ನೀನು ಬರೆದ ಬಾಲ. ಬಾಲ ಮೇಜಿನಿಂದ ಕೆಳಗೆ ಇಳಿಯಿತು. ನಿನ್ನ ಅಮ್ಮನನ್ನು ಕರೆದು ತೋರಿಸಿದೆ. "ಅಯ್ಯೋ, ಇವನು ಮರಿನಾ?" ಅಂದಳು.

ಇಷ್ಟು ಬೆಳೆದವನು ಚೀಲದಲ್ಲಿ ಕೂತರೆ ಮಂಡಿ ಕಿವಿಗೆ ಬರುತ್ತದೆ. ನಾನು ಇನ್ನೂ ದೊಡ್ಡದು ಹೊಲಿಯಬಲ್ಲೆ. ಅವನು ಅದಕ್ಕೂ ಬೆಳೆಯುತ್ತಾನೆ. ಆಮೇಲೆ ಇನ್ನೂ ದೊಡ್ಡದು. ಕೊನೆಗೆ ಡೇರೆ ಹೊಲಿದು ಕಳಿಸಬೇಕಾಗುತ್ತದೆ, ಅವನು ಅದರೊಳಗೆ ಒಬ್ಬನೇ ಕೂತಿರುತ್ತಾನೆ.

ಮೂವತ್ತು ವರ್ಷದಿಂದ ಅಳತೆಯ ಪಟ್ಟಿ ಓದಿ ಮನುಷ್ಯರನ್ನು ಕಾಣುತ್ತಿದ್ದೇನೆ. ಈ ಪಟ್ಟಿ ಚೀಲದ್ದಲ್ಲ. ಇದು ಬಯಲಿನ ಅಳತೆ.

ಈ ಆರ್ಡರು ನಾನು ಹಿಡಿಯುವುದಿಲ್ಲ. ಬೇರೆ ಅಂಗಡಿಯಲ್ಲೂ ಕೊಡಬೇಡ. ನಿನ್ನ ಡಾಕ್ಟರಮ್ಮ ಹೇಳಿದ್ದನ್ನು ಮಾಡು.

ಬಿಡುವುದು ಕಷ್ಟ. ಅದು ಗೊತ್ತಿಲ್ಲದೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

ಅಪ್ಪ

ಆಗಸ್ಟ್ ೨

ಪುಟ್ಟೀ,

ನಿನಗೆ ಸಿಟ್ಟು ಬಂದಿದೆ ಎಂದು ಗೊತ್ತು. ನಿಮ್ಮಪ್ಪನೂ ಸರಿಯಾಗಿ ಊಟ ಮಾಡುತ್ತಿಲ್ಲ. "ಬಹಳ ಬಿಗಿಯಾಗಿ ಬರೆದ್ಬಿಟ್ನೇನೇ?" ಎಂದು ಕೇಳಿದರು. "ಬರೆಯೋದೆಲ್ಲ ಬರೆದು ಈಗ ನನ್ನ ಕೇಳ್ತೀರಲ್ಲ" ಅಂದೆ.

ನಿನ್ನ ಆರ್ಡರಿನ ಕಂದು ಕಾಗದವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ. "ನಮ್ಮ ಮಗಳು ಸಾಕಿದ್ದು. ಬಾಲ ಒಂದೇ ಇಷ್ಟುದ್ದ" ಎಂದು ಕೈ ಅಗಲಿಸಿ ತೋರಿಸುತ್ತಾರೆ. ದಿನಕ್ಕೆ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿದೆ ಆ ಬಾಲ.

ಅಮ್ಮ

ಆಗಸ್ಟ್ ೨೭

ಅಪ್ಪಾ,

ಸಿಟ್ಟು ಬಂದಿತ್ತು. ನೀವು ಹೊಲಿಯದಿದ್ದರೆ ನಾನೇ ಹೊಲಿಯುತ್ತೇನೆಂದು ಹಳೆಯ ದುಪ್ಪಟಿ ಹಾಸಿ, ಅವನ ಅಳತೆಗೆ ಗೆರೆ ಎಳೆದು, ಕತ್ತರಿ ತೆಗೆದುಕೊಂಡೆ. ದುಪ್ಪಟಿ ಪೂರಾ ಬೇಕಾಗಿತ್ತು, ಒಂದು ತುಂಡೂ ಉಳಿಯುತ್ತಿರಲಿಲ್ಲ. ಕತ್ತರಿ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತೆ. ಗಿರಾಕಿ ಬಂದು ಗೆರೆಯ ಮೇಲೆ ಮಲಗಿದ. ಅವನ ಕಾಲು ಗೆರೆಯಾಚೆ ಹೋಯಿತು. ಕತ್ತರಿಯನ್ನು ಕೆಳಗಿಟ್ಟೆ.

ಮರುದಿನ ಬೆಳಗ್ಗೆ ಚೀಲವನ್ನು ಗೂಟದಿಂದ ತೆಗೆದೆ.

ಅಪ್ಪಾ, ಅವನು ಏನು ಮಾಡಿದ ಗೊತ್ತೇ? ನೀರಿನ ತೊಟ್ಟಿಯ ಹತ್ತಿರ ಏನೋ ಸದ್ದಾಯಿತು. ಅಭ್ಯಾಸಬಲದಿಂದ ಕಂಬದ ಹತ್ತಿರ ಓಡಿಬಂದು, ಚೀಲವಿದ್ದ ಜಾಗಕ್ಕೆ ತಲೆ ತೂರಿಸಿ ಲಾಗ ಹೊಡೆದ. ಅಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ದಬಕ್ಕೆಂದು ಬೆನ್ನ ಮೇಲೆ ಬಿದ್ದ. ಎದ್ದು ಗೂಟವನ್ನು ಮೂಸಿದ. ಇನ್ನೊಂದು ಸಲ ಹೊಡೆದ. ಮತ್ತೆ ಬಿದ್ದ. ಆಮೇಲೆ ನಾನಿರುವ ಕಡೆ ನೋಡಿ ಕರೆಯತೊಡಗಿದ. ಅದರ ಸದ್ದು ನಾಲಿಗೆ ಲೊಚಗುಟ್ಟಿದ ಹಾಗಿರುತ್ತದೆ. ನಾನು ಬಾಗಿಲ ಹಿಂದೆ ಚೀಲವನ್ನು ಅವುಚಿಕೊಂಡು ನಿಂತಿದ್ದೆ. ಡಾಕ್ಟರಮ್ಮ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ಈಗ ಹೋದ್ರೆ ನಾಳೆ ಇನ್ನೂ ಕಷ್ಟ ಆಗುತ್ತೆ, ಅವನಿಗೂ, ನಿಮಗೂ" ಅಂದರು.

ಸಂಜೆಯವರೆಗೆ ಕಂಬ ಬಿಟ್ಟು ಕದಲಲಿಲ್ಲ. ಬೆಳಗ್ಗೆ ನಾನು ಹೋದಾಗ ಕಂಬದ ಹತ್ತಿರ ಯಾರೂ ಇಲ್ಲ. ತೊಟ್ಟಿಯ ಹಿಂದೆಲ್ಲ ಹುಡುಕಿದೆ. ಬೇಲಿಯಾಚೆ ನೋಡಿದರೆ ಮಂದೆಯ ನಡುವೆ ಒಂದು ಸೊಟ್ಟ ಬೆರಳಿನ ಕಾಲು ಚಾಚಿಕೊಂಡು ಮಲಗಿದ್ದಾನೆ. ಅವನ ಅಮ್ಮ ಪಕ್ಕದಲ್ಲೇ ಮೇಯುತ್ತಿದ್ದಳು. ಗುರುತು ಸಿಕ್ಕಿತೋ ಇಲ್ಲವೋ, ಒಮ್ಮೆ ಅವನ ಕಿವಿ ಮೂಸಿ ಹುಲ್ಲಿಗೆ ಬಾಯಿ ಹಾಕಿದಳು. ಓಡಿಸಲಿಲ್ಲ.

ಇದಾಗಿ ಎರಡು ವಾರ ಕಳೆದಿದೆ. ಈಗ ನಾನು ಮೇವು ತಂದರೆ ಬರುತ್ತಾನೆ. ತೋಳನ್ನು ಮೂಸುತ್ತಾನೆ, ಗದ್ದ ಕೆರೆಸಿಕೊಳ್ಳುತ್ತಾನೆ, ಆಮೇಲೆ ತನ್ನವರ ಹತ್ತಿರ ಹೋಗುತ್ತಾನೆ. ಹೋಗುವಾಗ ತಿರುಗಿ ನೋಡುವುದಿಲ್ಲ. ಮೊದಲ ದಿನ ನನಗೆ ಅಳು ಬಂತು. ಈಗ, ನಿಜ ಹೇಳುತ್ತೇನೆ, ಅವನು ಹಾಗೆ ಹೋಗುವುದನ್ನು ನೋಡುವುದಕ್ಕೇ ಬೇಗ ಏಳುತ್ತೇನೆ.

ನೀವು ಹೊಲಿಯದೆ ಇದ್ದದ್ದು ಒಳ್ಳೆಯದಾಯಿತು.

ನಿಮ್ಮ ಮಗಳು

ಸೆಪ್ಟೆಂಬರ್ ೮

ಮಗಳೇ,

ನಿನ್ನ ಕಾಗದವನ್ನು ಚಿಕ್ಕಪ್ಪ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ಗಾಳಿಗೆ ಲಾಗ ಹೊಡೆದ ಕಡೆ ಬಂದಾಗ ಅವನಿಗೆ ಮುಂದೆ ಓದಲು ಆಗಲಿಲ್ಲ, ನಿನ್ನ ಅಮ್ಮ ಓದಿದಳು. ಅವಳಿಗೂ ಆಗಲಿಲ್ಲ. ಉಳಿದದ್ದನ್ನು ನಾನೇ ಓದಿಕೊಂಡೆ.

ಅಂಗಡಿಯ ಸಮಾಚಾರ ಒಂದಿದೆ. ಕಿಟಕಿಯ ಪಕ್ಕದ ನಿನ್ನ ಮಿಷನ್ನಿಗೆ ನೀನು ಹೋದ ದಿನ ಬಟ್ಟೆ ಹೊದಿಸಿದ್ದೆ. ಕೆಲಸ ಎಷ್ಟೇ ಬಿದ್ದರೂ ಅದರ ಮುಂದೆ ಯಾರನ್ನೂ ಕೂರಿಸಿರಲಿಲ್ಲ. ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದೆ. ಇವತ್ತು ಬರುತ್ತೀಯ, ನಾಳೆ ಬರುತ್ತೀಯ ಎಂದು. ಮೊನ್ನೆ ಆ ಬಟ್ಟೆ ತೆಗೆದು ಮಡಿಸಿಟ್ಟೆ. ಈಗ ಅಲ್ಲಿ ನಿನ್ನ ಚಿಕ್ಕಮ್ಮ ಕೂರುತ್ತಾಳೆ. ಅವಳಿಗೆ ಹೊಲಿಗೆ ಕಲಿಯಬೇಕೆಂದು ಬಹಳ ವರ್ಷದಿಂದ ಆಸೆಯಿತ್ತಂತೆ, ನನ್ನ ಮುಖ ನೋಡಿ ಬಾಯಿ ಬಿಟ್ಟಿರಲಿಲ್ಲ. ಅವಳು ಹೊಲಿದ ಮೊದಲ ಕಾಲರು ನಾಯಿಯ ಕಿವಿಯ ಹಾಗೆ ಒಂದು ಮೇಲೆ, ಒಂದು ಕೆಳಗೆ. "ಚೆನ್ನಾಗಿದೆ" ಅಂದೆ. ಚಿಕ್ಕಪ್ಪ ಅದನ್ನು ಹಾಕಿಕೊಂಡೇ ತಿರುಗುತ್ತಿದ್ದಾನೆ, ಗಂಡನ ಕರ್ಮ.

ನಿನ್ನೆ ಮೇಷ್ಟ್ರ ಹೆಂಡತಿ ಬಂದವರು ಮಿಷನ್ನಿನ ಕಡೆ ನೋಡಿ "ಮಗಳು ವಾಪಸ್ ಬರೋದು ಯಾವಾಗ?" ಎಂದು ಕೇಳಿದರು. ಯಾರು ಕೇಳಿದರೂ ನಾನು ಇಷ್ಟು ದಿನ "ರಜೆ ಮೇಲೆ ಹೋಗಿದಾಳೆ" ಎನ್ನುತ್ತಿದ್ದೆ. ಎರಡು ವರ್ಷದ ರಜೆ ಯಾವ ಅಂಗಡಿಯಲ್ಲಿ ಕೊಡುತ್ತಾರೆಂದು ಯಾರೂ ಕೇಳಲಿಲ್ಲ, ಅದು ಅವರ ದೊಡ್ಡಗುಣ. ನಿನ್ನೆ ಮಾತ್ರ "ಅವಳ ಕೆಲಸ ಅಲ್ಲೇ ಇದೆ ಕಣಮ್ಮಾ. ನಮ್ಮನ್ನ ನೋಡೋಕೆ ಬಂದು ಹೋಗ್ತಾಳೆ" ಅಂದೆ. ಕೈಯಲ್ಲಿ ಕತ್ತರಿಯಿತ್ತು, ಬಟ್ಟೆಯನ್ನು ಅರ್ಧ ಕತ್ತರಿಸಿ ನಿಂತಿದ್ದೆ. ಗೆರೆ ತಪ್ಪಬಹುದು ಎಂದುಕೊಂಡೆ. ಉಳಿದರ್ಧವನ್ನೂ ಕತ್ತರಿ ನೇರವಾಗಿಯೇ ಕತ್ತರಿಸಿತು.

ಬಿಡುವಾದಾಗ ಬಾ. ಬಾಗಿಲ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತುಕೋ. ಅಮ್ಮ ಏನು ಕೊಡುತ್ತಾಳೋ ತಿನ್ನು. ಗುಂಡಿ ಹಚ್ಚು, ಕಾಜಾ ಹಾಕು ಎಂದು ನಾನು ಹೇಳುವುದಿಲ್ಲ. ಆದರೆ ಚಿಕ್ಕಮ್ಮನ ಕಾಲರನ್ನು ಸ್ವಲ್ಪ ನೋಡು, ನನಗೆ ಹೇಳಲು ಧೈರ್ಯ ಬರುತ್ತಿಲ್ಲ.

ಅಪ್ಪ